ಕಲಾಯಿ ಬಂದೇನವಾಜನ ಮೂರು ಕೊಂಬಿನ ಗೋಸುಂಬೆ

ಕಲ್ಯಾಣಿ ಊರಿನ ಕೋಟೆ ಓಣಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಬಂದೇನವಾಜನ ಕೈಗೆ ಸಿಕ್ಕ ಹಂಡೆ ಕನ್ನಡಿಯಾಗುತ್ತಿತ್ತು. ಬಾಯಿಗೆ ಸಿಕ್ಕ ಇಲಿ ಆನೆಯಾಗುತ್ತಿತ್ತು. ಹರೆಯದಲ್ಲಿ ಆತ ಮುಂಬಯಿಯಿಂದ ಹಡಗು ಹತ್ತಿ ಆಫ್ರಿಕಾದ ನೈರೋಬಿಗೆ ಹೋಗಿ, ರೈಲ್ವೆಯವರ ಅಡುಗೆಮನೆಯ ದೇಗಚಿ ಪಾತ್ರೆಗಳನ್ನು ಬೆಳಗಿ ಬಂದವನು. ಬರುವಾಗ ಗಂಟು ತರಲಿಲ್ಲ, ಕಥೆ ತಂದ. ಅಲ್ಲಿ ರೈಲಿನಲ್ಲಿ ಸಿಂಹವೊಂದು ತನ್ನ ಪಕ್ಕದ ಬಾಕಿನ ಮೇಲೆ ಕೂತಿತ್ತು ಅನ್ನುತ್ತಿದ್ದ. ಕೇಳುವವರು ನಾಲ್ಕು ಮಂದಿ ಹೆಚ್ಚಾದರೆ ಸಿಂಹ ಟಿಕೇಟನ್ನೂ ತೋರಿಸುತ್ತಿತ್ತು.

ಊರವರು ಸಿಂಹವನ್ನು ನಕ್ಕು ಬಿಟ್ಟುಬಿಟ್ಟರು. ಅಲ್ಲೇ ಕಂಡೆನೆಂದು ಅವನು ಹೇಳುತ್ತಿದ್ದ ಮೂರು ಕೊಂಬಿನ ಗೋಸುಂಬೆಯನ್ನು ಮಾತ್ರ ಬಿಡಲಿಲ್ಲ. ಎಲ್ಲಿ ಕಂಡರೂ ಕಾಡಿಸುವರು. ಅವನ ಕಥೆಗಳಲ್ಲಿ ಖರೇ ಇದ್ದದ್ದು ಅದೊಂದೇ.

ಪೊಲೀಸ್ ಕಾರ್ಯಾಚರಣೆಯ ಗದ್ದಲದ ವರ್ಷ ಕಳೆದು ಸಂತೆಗಳು ಮತ್ತೆ ನೆರೆಯತೊಡಗಿದ್ದ ೧೯೪೯ರಲ್ಲಿ, ಮಗಳು ಅನ್ವರಿಗೆ ಹುಮನಾಬಾದಿನ ಸಂಬಂಧ ಬಂತು. ಹುಡುಗನ ತಂದೆ ಗುಲಾಮ್ ರಸೂಲ್ ದನದ ಸಂತೆಯ ದಲಾಲ. ಎತ್ತಿನ ಬಾಯಿ ಬಿಡಿಸಿದರೆ ಮಾರುವವನ ಸುಳ್ಳೂ ಅವನಿಗೆ ಕಾಣುತ್ತಿತ್ತಂತೆ. ಹುಡುಗಿ ಮನಸ್ಸಿಗೆ ಬಂದಿದ್ದಳು. ಹುಡುಗಿಯ ಅಪ್ಪನ ಗೋಸುಂಬೆ ಬಂದಿರಲಿಲ್ಲ. ‘ಪ್ರಾಣಿಯ ವಿಷಯದಲ್ಲಿ ಸುಳ್ಳು ಹೇಳುವವನ ಸಂಗಡ ಬೀಗತನ ಮಾಡಲಾರೆ, ಬಂದು ಕೇಳುತ್ತೇನೆ’ ಎಂದು ಹೇಳಿ ಕಳಿಸಿದ.

ಬಂದೇನವಾಜನ ಹೆಂಡತಿ ಶಹಜಾದಿ ಗಂಡನ ಎದುರು ಬಂದು ಕೂತಳು. “ಕೊಂಬು ಇರೂದಿಲ್ಲ ಅಂತ ಅಂದುಬಿಡ್ರಿ. ಮಗಳ ನಸೀಬು ಕೊಂಬಿಗೆ ಸಿಗಹಾಕಬ್ಯಾಡ್ರಿ.”

“ಊರೆಲ್ಲ ಕೇಳ್ಯಾದ. ಈಗ ಹ್ಯಾಂಗ ಮುರೀಲಿ?”

“ಹಂಗಾರ ಅದು ಮರಿ ಹಾಕ್ತದ ಅಂತ ನನಗ ಹೇಳೀರಲ್ಲ, ಅದನ್ನರ ನುಂಗ್ರಿ. ತತ್ತಿ ಇಡ್ತದ ಅನ್ರಿ.”

ಆಗಲಿ ಎಂದು ಅವನು ತಲೆಯಾಡಿಸಿದ.

ದಲಾಲ ಬಂದ. ಎದುರಿನ ಎಣ್ಣೆ ಅಂಗಡಿಯ ಬಕ್ಕಪ್ಪನೂ ಕರೆಯದೆಯೇ ಬಂದು ತಿದಿಯ ಪಕ್ಕ ಕೂತ. ಎತ್ತು ವಿಚಾರಿಸುವ ಧಾಟಿಯಲ್ಲೇ ಗುಲಾಮ್ ರಸೂಲ್ ಶುರು ಮಾಡಿದ.

“ಜಾತಿ ಯಾವುದು?”

“ಹಲ್ಲಿ ಅಲ್ಲ, ಉಡ ಅಲ್ರಿ. ನಮ್ಮ ಗೋಸುಂಬಿ ಕುಲದ್ದೇ. ನಿಮ್ಮ ಎತ್ತಿನಾಗ ದೇವಣಿ, ಖಿಲಾರಿ ಇದ್ದಾಂಗ. ಕುಲ ಒಂದ, ತಳಿ ಬ್ಯಾರೆ.”

“ಕೊಂಬು?”

“ಗಂಡಿಗೆ ಮೂರು. ಮೂಗಿನ ಮ್ಯಾಲ ಒಂದು, ಕಣ್ಣಿನ ಮ್ಯಾಲ ಒಂದೊಂದು. ಹೆಣ್ಣಿಗೆ ಇರೂದಿಲ್ಲ, ಇದ್ರೂ ಜ್ವಾಳದ ಕಾಳಿನಷ್ಟು.”

“ಗೊರಸು?” ಬಕ್ಕಪ್ಪ ಬಾಯಿ ಹಾಕಿದ.

“ಗೊರಸು ನಿನ್ನ ತಲ್ಯಾಗ! ಬೆರಳವ. ಎರಡು ಈ ಕಡೆ, ಮೂರು ಆ ಕಡೆ. ನನ್ನ ಇಕ್ಕಳದಾಂಗ ಟೊಂಗಿ ಹಿಡೀತದ. ಬಾಲ ಗಡಿಯಾರದ ಸುರುಳಿ. ನಾಲಿಗಿ ಮೈಗಿಂತ ಉದ್ದ.”

“ಕಣ್ಣು?”

“ಒಂದು ನಿಮ್ಮನ್ನ ನೋಡೂವಾಗ ಇನ್ನೊಂದು ಬಕ್ಕಪ್ಪನ್ನ ನೋಡ್ತದ, ಪಾಪ.”

ದಲಾಲ ನಗಲಿಲ್ಲ. “ತತ್ತಿ ಎಷ್ಟು ಇಡ್ತದ?”

ಪರದೆಯ ಹಿಂದೆ ಶಹಜಾದಿಯ ಬಳೆ ಗಲಗಲ ಅಂದವು. ಸಿಂಹಕ್ಕೆ ಟಿಕೇಟು ಕೊಡಿಸಿದ ಬಾಯಿಗೆ ಒಂದು ತತ್ತಿ ಯಾವ ಲೆಕ್ಕ? ಬಂದೇನವಾಜ ಬಾಯಿ ತೆರೆದ. ಆದರೆ ನೈರೋಬಿಯ ಆ ಟೊಂಗೆ, ಆ ಹಸಿರು ಹೆಣ್ಣು, ಹಸಿ ಪೊರೆ ಹರಿದುಕೊಂಡು ಹೊರಟ ಮರಿಗಳು ಕಣ್ಣೆದುರು ಬಂದು ನಿಂತವು. ಕಣ್ಣಾರೆ ಕಂಡದ್ದನ್ನು ಸುಳ್ಳು ಮಾಡಲು ಅವನಿಗೆ ಅಭ್ಯಾಸವೇ ಇರಲಿಲ್ಲ. ಕಾಣದ್ದನ್ನು ಖರೇ ಮಾಡುವುದಷ್ಟೇ ಗೊತ್ತು.

“ತತ್ತಿ ಇಲ್ರಿ,” ಎಂದ ಸಣ್ಣ ದನಿಯಲ್ಲಿ. “ಮರಿ ಹಾಕ್ತದ. ಹುಟ್ಟಿದ ಕೂಡ್ಲೇ ನಡೀತಾವ.”

ಬಕ್ಕಪ್ಪ ತೊಡೆ ತಟ್ಟಿ ನಕ್ಕ. ಒಳಗೆ ಒಂದು ತಾಟು ಬಿತ್ತು.

ಗುಲಾಮ್ ರಸೂಲ್ ಹೆಗಲ ಟವೆಲು ತೆಗೆದು, ಸಂತೆಯಲ್ಲಿ ಸೌದಾ ಕುದುರಿಸುವವರಂತೆ ತನ್ನ ಕೈ ಮೇಲೆ ಹೊದಿಸಿ ಮುಂದೆ ಚಾಚಿದ. “ಮಾರಾಕ ನಿಂತಾಂವ ಗಿರಾಕಿ ಒಪ್ಪೂ ಮಾತ ಆಡ್ತಾನ. ನೀವು ಸೌದಾ ಮುರಿಯೂ ಮಾತ ಆಡೀರಿ. ಪ್ರಾಣಿ ಖರೇ ಅದ. ಕೈ ಕೊಡ್ರಿ ಬೀಗರ.”

ಬಂದೇನವಾಜ ಮಸಿ ಕೈಯನ್ನು ಟವೆಲಿನ ಅಡಿಗೆ ತೂರಿಸಿದ. ದಲಾಲ ಒಪ್ಪಿಗೆಯ ಗುರುತಾಗಿ ಐದೂ ಬೆರಳು ಒಟ್ಟಿಗೆ ಅದುಮಿದ, ಆದರೆ ಬಿಡಲಿಲ್ಲ.

“ಒಂದು ಷರತ್ತು. ನಿಮ್ಮ ಸಿಂಹ ನಿಕಾಹದ ದಿನ ಬರಬಾರದು.”

ಬಂದೇನವಾಜನಿಗೆ ಇದು ಗೋಸುಂಬೆಗಿಂತ ಕಷ್ಟದ ಸೌದಾ.

ಪರದೆಯ ಹಿಂದಿನಿಂದ ಶಹಜಾದಿಯೇ ಉತ್ತರ ಕೊಟ್ಟಳು: “ಬರೂದಿಲ್ರಿ. ಅದನ್ನ ನಾ ಕಟ್ಟಿ ಹಾಕ್ತೀನಿ.”