ಅಡೊಮಾ ಬಿಟ್ಟ ಜಾಗ

ಅಡೊಮಾ ಅವರು ನಾಟಕದ ತಾಲೀಮು ನಡೆಸುವಾಗ ಅಲ್ಲಿ ಇಲ್ಲದವರನ್ನೂ ಬೈಯುತ್ತಿದ್ದರು. ಖಾಲಿ ನೆಲದ ಕಡೆ ಬೆರಳು ಮಾಡಿ, "ಏಯ್, ಸ್ವಲ್ಪ ಹಿಂದೆ ನಿಲ್ಲು, ಅವಳ ಮುಖ ಕಾಣ್ತಿಲ್ಲ" ಅನ್ನುವರು. ಮೊದಲ ಸಲ ಅದನ್ನು ಕಂಡಾಗ ನಾನು ಏಣಿಯ ಮೇಲಿದ್ದೆ. ಅಲ್ಲಿಂದ ನೋಡಿದರೂ ಯಾರೂ ಕಾಣಲಿಲ್ಲ. ಕೆಳಗಿಳಿದ ಮೇಲೆ ಆ ಜಾಗ ತಪ್ಪಿಸಿಯೇ ನಡೆದೆ.

ನಾನು ಬಡಗಿ. ಹುಬ್ಬಳ್ಳಿಯಲ್ಲಿ ಏಳನೇ ಇಯತ್ತೆಗೇ ಶಾಲೆ ಬಿಟ್ಟು ಉಳಿ ಹಿಡಿದವನು; ಗುಡಿಯ ಬಾಗಿಲು ಕೆತ್ತಲೆಂದು ಶಿಕಾಗೋ ಕಡೆ ಬಂದು ಇಲ್ಲೇ ಉಳಿದೆ. ರಿಸೆಷನ್ ಬಂದು ಹೊಸ ಮನೆ ಕಟ್ಟುವುದು ನಿಂತಾಗಲೂ ಯಾರ ಮುಂದೂ ಕೈ ಚಾಚಲಿಲ್ಲ, ಸಿಕ್ಕ ಕೆಲಸ ಮಾಡಿದೆ. ಹಾಗೆ ಸಿಕ್ಕಿದ್ದು ಅಡೊಮಾ ಅವರ ನಾಟಕ. ಶಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟೇ ಅವರದು. ಘಾನಾ ದೇಶದವರು, ನಾಟಕ ಬರೆದು, ಆಡಿಸಿ, ತಾವೂ ಆಡುವವರು. ತಂಡದವರಿಗೆ ಅವರು ಪಾಪಾ, ಅಂದರೆ ಅಪ್ಪ. ಹತ್ತಿರದ ವೆಸ್ಟ್‌ಮಂಟ್‌ನಲ್ಲಿ ಮುಚ್ಚಿಹೋದ ಕಾರ್ಪೆಟ್ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ನಾನು ಸ್ಟೇಜು ಕಟ್ಟಿಕೊಟ್ಟೆ, ಆಮೇಲೆ ಲೈಟು ಬಿಡುವವನೂ ನಾನೇ ಆದೆ.

ತಂಡದಲ್ಲಿ ಒಂದು ಕಟ್ಟಳೆ. ಬಿಟ್ಟುಹೋದವರ ಪಾತ್ರ ಇನ್ನೊಬ್ಬರಿಗೆ ಕೊಡುವಂತಿಲ್ಲ. ಅವರ ಮಾತಿನಷ್ಟು ಹೊತ್ತು ಎಲ್ಲರೂ ಸುಮ್ಮನಿದ್ದು, ಕೇಳಿಸಿಕೊಂಡವರ ಹಾಗೆ ಉತ್ತರ ಕೊಡಬೇಕು. ಘಾನಾದಲ್ಲಿ ಅಡೊಮಾ ಅವರ ಇಬ್ಬರು ನಟರನ್ನು ಸೈನಿಕರು ಎತ್ತಿಕೊಂಡು ಹೋದರಂತೆ. ಮರುದಿನವೂ ಆಟ ಇತ್ತು. "ಬೇರೆಯವರನ್ನು ನಿಲ್ಲಿಸಿದ್ದರೆ, ಅವರು ಬರೋದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು" ಅಂದರು ಒಮ್ಮೆ, ಚಹಾಕ್ಕೆ ಸಕ್ಕರೆ ಮೇಲೆ ಸಕ್ಕರೆ ಹಾಕುತ್ತ.

"ಬಂದರಾ?" ಅಂದೆ.

"ಜಾಗ ಇನ್ನೂ ಇದೆಯಲ್ಲ" ಅಂದರು.

ನಾವು ಆಡುತ್ತಿದ್ದ ನಾಟಕದಲ್ಲಿ ಮುದುಕ ತಂದೆ, ಮಗಳು, ಒಂದಷ್ಟು ಊರವರು ಹೊಳೆ ದಾಟಲು ಕಾಯುತ್ತಾರೆ. ಆ ವರ್ಷಗಳಲ್ಲಿ ಕೆಲಸ ಕಳೆದುಕೊಂಡ ನಟರು ಒಬ್ಬೊಬ್ಬರೇ ಊರು ಬಿಟ್ಟರು, ಆಟದ ನಡುವೆ ಮೌನ ಹೆಚ್ಚಿತು. ನೋಡುವವರು ಮೊದಮೊದಲು ನಕ್ಕರು. ಆಮೇಲೆ ಖಾಲಿ ಜಾಗವನ್ನೇ ನೋಡತೊಡಗಿದರು. ನನ್ನ ಹೆಂಡತಿ ಶಾಂತಾ ಒಂದೇ ಸಲ ಬಂದವಳು, "ಅಲ್ಲೆ ಯಾರೋ ಅದಾರ್ರೀ. ನಾ ಇನ್ನ ಬರಂಗಿಲ್ಲ" ಅಂದಳು.

ಡೆಟ್ರಾಯಿಟಿನಲ್ಲಿ ಒಂದು ಚರ್ಚಿನ ಬೇಸ್‌ಮೆಂಟಿನಲ್ಲಿ ಆಟ. ಸುತ್ತಲೂ ಜನ ಬಿಟ್ಟುಹೋದ, ಕಿಟಕಿಗೆ ಹಲಗೆ ಹೊಡೆದ ಮನೆಗಳು. ಅಂಬಿಗನ ಪಾತ್ರದ ಸ್ಯಾಮ್ ಹಿಂದಿನ ವರ್ಷವೇ ತಂಡ ಬಿಟ್ಟು ಹೋಗಿದ್ದ. ಎಲ್ಲಿದ್ದಾನೋ ಯಾರಿಗೂ ಗೊತ್ತಿರಲಿಲ್ಲ. ಅವನ ಮೌನ ಬಂತು. ಕತ್ತಲೊಳಗೆ, ಕೊನೆಯ ಸಾಲಿನಿಂದ ಅವನ ದನಿ ಎದ್ದಿತು: "ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗ ಇದೆ." ಸ್ಯಾಮ್ ಕೋಟು ಹಾಕಿಕೊಂಡೇ ಬಂದು ತನ್ನ ಜಾಗದಲ್ಲಿ ನಿಂತ. ಅಲ್ಲೇ ಅಕ್ಕನ ಮನೆಯಲ್ಲಿದ್ದನಂತೆ, ಪೋಸ್ಟರ್ ನೋಡಿ ಬಂದನಂತೆ. ಅಡೊಮಾ ಅವರ ಹುಬ್ಬು ಸಹ ಏಳಲಿಲ್ಲ. ಆಟ ಮುಗಿದ ಮೇಲೆ, "ನಿನ್ನ ಮಾತು ತಡವಾಗಿ ಶುರು ಮಾಡಿದೆ, ಕತ್ತೆ" ಅಂತ ಬೈದು, ಅವನನ್ನು ಅಪ್ಪಿಕೊಂಡವರು ಬಿಡಲೇ ಇಲ್ಲ. ಸ್ಯಾಮ್ ನಮ್ಮ ಜೊತೆಗೇ ವಾಪಸು ಬಂದ.

ಆ ಚಳಿಗಾಲ ಅಡೊಮಾ ಅವರೇ ಹೋದರು. ಹಾರ್ಟು ನಿಂತಿತು. ಶಿಕಾಗೋದ ದೊಡ್ಡ ಹಾಲೊಂದರಲ್ಲಿ ಆಟ ಮೊದಲೇ ನಿಗದಿಯಾಗಿತ್ತು. ಮುದುಕ ತಂದೆಯ ಪಾತ್ರ ಅವರದು, ಎಲ್ಲಕ್ಕಿಂತ ಉದ್ದ. ಅದನ್ನು ಯಾರಾದರೂ ಮಾಡದಿದ್ದರೆ ಆಟವೇ ಬೇಡ ಅಂದರು ಹಾಲಿನವರು. ಮಾತೆಲ್ಲ ನನಗೆ ಬಾಯಿಪಾಠ ಅಂತ ತಂಡದವರು ನನ್ನ ಮುಖ ನೋಡಿದರು.

"ಮಾಡ್ರಿ ನೀವ. ಪೇಪರಿನಾಗ ಫೋಟೋ ಬರತೈತಿ" ಅಂದಳು ಶಾಂತಾ.

ಆಸೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ನಾನು ಅಲ್ಲಿ ಕೂತರೆ ಅವರು ಎಲ್ಲಿ ಕೂರಬೇಕು? ಆಗೋದಿಲ್ಲ ಅಂದೆ. ದೊಡ್ಡ ಹಾಲು ಕೈತಪ್ಪಿತು.

ಕಾರ್ಪೆಟ್ ಅಂಗಡಿಯಲ್ಲೇ ಆಡಿದೆವು. ಮಗಳ ಪಾತ್ರದ ಗ್ರೇಸ್, ಅವಳೆದುರು ಮುದುಕ ತಂದೆಯ ಖಾಲಿ ಸ್ಟೂಲು. ಅದರ ಮೇಲೆ ಲೈಟು ಬಿಟ್ಟೆ. ಹೀಟರಿನ ಸದ್ದು ಕೂಡ ನಿಂತಿತು. ಅವರ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಾನು ಅರ್ಧಕ್ಕೆ ಬಂದಿದ್ದೆ. ಗ್ರೇಸ್ ಜೋರಾಗಿ ನಕ್ಕುಬಿಟ್ಟಳು. ಅಲ್ಲಿ ನಗುವಂಥ ಮಾತೇ ಇಲ್ಲ.

ಜನ ಹೋದ ಮೇಲೆ ಕೇಳಿದೆ, "ಯಾಕಮ್ಮಾ ನಕ್ಕೆ?"

ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಪಾಪಾ ಇವತ್ತು ಮಾತು ಬದಲಾಯಿಸಿದರಲ್ಲ. ನಿಮಗೆ ಕೇಳಿಸಲಿಲ್ಲವಾ?"

ಸ್ಯಾಮ್ ಸ್ಟೂಲು ಎತ್ತಿಡಲು ಬಗ್ಗಿದ್ದ. ಹೋಗಿ ಅವನ ಕೈ ಹಿಡಿದೆ.

"ತಡಿ" ಅಂದೆ. "ಅವರು ಏಳಲಿ."