ಹತ್ತನೆಯ ಅಡಿಗಲ್ಲು

ಹಿರೇಗೊಂದಿ ಮತಕ್ಷೇತ್ರದಲ್ಲಿ ಗೌಂಡಿ ದುರ್ಗಪ್ಪ ಬಂಡಿವಡ್ಡರನಷ್ಟು ಚೊಕ್ಕಟವಾಗಿ ಅಡಿಗಲ್ಲು ನಿಲ್ಲಿಸುವವರು ಇನ್ನೊಬ್ಬರಿಲ್ಲ. ಬೆಳಿಗ್ಗೆ ಹೇಳಿಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆಯ ಕಟ್ಟೆ, ಅದರ ಮೇಲೆ ಹೆಸರು ಕೆತ್ತಿದ ಕಲ್ಲು, ಕಲ್ಲಿಗೊಂದು ಪರದೆ, ಎಳೆದ ಕೂಡಲೆ ಪರದೆ ಸರಿಯುವಂಥ ದಾರ, ಎಲ್ಲ ತಯಾರು. ದಾರ ಸಿಕ್ಕಿಕೊಂಡು ಶಾಸಕರ ಮುಖ ಕೆಂಪಾದ ಪ್ರಸಂಗ ಅವನ ನಲವತ್ತು ವರ್ಷದ ಕಸುಬಿನಲ್ಲಿ ಒಂದೂ ಇಲ್ಲ. ಆ ಕಟ್ಟೆಗಳ ಪಕ್ಕದಲ್ಲಿ ಮುಂದೆ ಏನಾದರೂ ಮೇಲೆದ್ದ ಪ್ರಸಂಗವೂ ಒಂದೂ ಇಲ್ಲ. ದನದ ದವಾಖಾನೆ, ಸಮುದಾಯ ಭವನ, ನೀರಿನ ಟಾಕಿ, ಎಲ್ಲದರ ಆರಂಭಕ್ಕೂ ಅವನು ಬೇಕಾದವನು. ಅವನ ಕೈ ಮೊಣಕಾಲಿಗಿಂತ ಎತ್ತರದ್ದನ್ನು ಕಟ್ಟಿದ್ದೇ ಇಲ್ಲ.

ಈ ಮಾತನ್ನು ಊರವರು ಹಿಂದಿನಿಂದ ಆಡುತ್ತಿದ್ದರು, ಹೆಂಡತಿ ಹುಲಿಗೆವ್ವ ಎದುರಿಗೇ ಆಡುತ್ತಿದ್ದಳು. ಅವಳಿಗೆ ಕಾರಣವಿತ್ತು. ನಮ್ಮ ಕರಿಗುಂದಿಗೂ ಸಂತೆಯ ಊರಿಗೂ ನಡುವೆ ಜಾಲಿಹಳ್ಳ ಹರಿಯುತ್ತದೆ. ಬೇಸಿಗೆಯಲ್ಲಿ ಮೇಕೆಮರಿಯೂ ದಾಟುತ್ತದೆ. ಮಳೆಗಾಲದಲ್ಲಿ ಕಾಯಿಪಲ್ಯೆಯ ಬುಟ್ಟಿ ಹೊತ್ತ ಹುಲಿಗೆವ್ವ ಕೆರೆಯ ಏರಿ ಸುತ್ತಿಕೊಂಡು ಎಂಟು ಕಿಲೋಮೀಟರು ನಡೆಯುತ್ತಾಳೆ. ಅವಳು ಸಂತೆ ಮುಟ್ಟುವಷ್ಟರಲ್ಲಿ ಮೆಂತ್ಯ ಬಾಡಿರುತ್ತದೆ, ಒಳ್ಳೆಯ ಜಾಗ ಬೇರೆಯವರ ಪಾಲಾಗಿರುತ್ತದೆ.

ಹಾಗೆಂದು ಸೇತುವೆಯ ಬಗ್ಗೆ ಯಾರೂ ಚಿಂತಿಸಿಲ್ಲ ಎಂದರೆ ತಪ್ಪಾದೀತು. ನಮ್ಮ ಕ್ಷೇತ್ರವನ್ನು ಆಳಿದ್ದು ಎರಡೇ ಮನೆತನ, ದೇಸಾಯರದು ಮತ್ತು ಮೇಟಗುಡ್ಡದವರದು. ಇಬ್ಬರೂ ಚಿಂತಿಸಿದರು. ಮೊದಲ ಕಲ್ಲು ಎಂಬತ್ನಾಲ್ಕರಲ್ಲಿ ಹಿರಿಯ ದೇಸಾಯರದು. ಅವರನ್ನು ಸೋಲಿಸಿ ಬಂದ ಸಂಗನಬಸಪ್ಪ ಮೇಟಗುಡ್ಡ, ಸೋತವರ ಕಲ್ಲಿನ ಮೇಲೆ ಸೇತುವೆ ಕಟ್ಟುವುದು ಮತದಾರರಿಗೆ ಮಾಡುವ ಅವಮಾನವೆಂದು ಹತ್ತು ಮಾರು ಆಚೆಗೆ ತಮ್ಮದೇ ಕಲ್ಲು ಹಾಕಿಸಿದರು. ಎರಡು ವರ್ಷಕ್ಕೆ ಅವರು ಪಕ್ಷ ಬಿಟ್ಟು ರಾಜೀನಾಮೆ ಕೊಟ್ಟು, ಉಪಚುನಾವಣೆಯಲ್ಲಿ ಇನ್ನೊಂದು ಪಕ್ಷದಿಂದ ಗೆದ್ದು ಬಂದು, ಮೂರನೆಯ ಕಲ್ಲು ಹಾಕಿದರು. ಅಂದು ಮಾಡಿದ ಭಾಷಣದಲ್ಲಿ, ಹಿಂದಿನ ಶಾಸಕರು ಈ ಸೇತುವೆಯನ್ನು ಸಂಪೂರ್ಣ ಅಲಕ್ಷಿಸಿದರು ಎಂದು ಗುಡುಗಿದರು. ಹಿಂದಿನ ಶಾಸಕರು ಅವರೇ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ ಮತ್ತೆ ದೇಸಾಯರು, ಮತ್ತೆ ಮೇಟಗುಡ್ಡ, ಆಮೇಲೆ ಅವರವರ ಮಕ್ಕಳು. ಎರಡು ಸಾವಿರದ ಎಂಟರಲ್ಲಿ ಕ್ಷೇತ್ರಗಳ ಗಡಿ ಬದಲಾಗಿ, ಹಳ್ಳದ ಈಚೆ ದಂಡೆ ಒಂದು ಕ್ಷೇತ್ರಕ್ಕೂ ಆಚೆ ದಂಡೆ ಇನ್ನೊಂದಕ್ಕೂ ಸೇರಿತು. ಆ ವರ್ಷ ಇಬ್ಬರು ಶಾಸಕರು ಒಂದೇ ದಿನ ಎರಡು ದಂಡೆಯಲ್ಲಿ ಅರ್ಧರ್ಧ ಸೇತುವೆಗೆ ಅಡಿಗಲ್ಲು ಹಾಕಿ ದೂರದಿಂದಲೇ ಕೈಮುಗಿದುಕೊಂಡರು. ಎರಡೂ ಕಡೆಯ ಕಟ್ಟೆ ದುರ್ಗಪ್ಪನದೇ, ನಡುವೆ ಹಳ್ಳ ಈಜಿದವನೂ ಅವನೊಬ್ಬನೇ. ಹೀಗೆ ಒಂಬತ್ತು ಕಲ್ಲಾದವು.

ಎರಡು ಸಾವಿರದ ಇಪ್ಪತ್ತೊಂದರ ಮಳೆಗಾಲದಲ್ಲಿ, ಸುತ್ತಿ ಸುತ್ತಿ ಸಾಕಾಗಿದ್ದ ಹುಲಿಗೆವ್ವ ಹಳ್ಳಕ್ಕೇ ಇಳಿದಳು. ಕಾಲು ಜಾರಿತು, ಬುಟ್ಟಿ ತೇಲಿ ಹೋಯಿತು, ಬಲಗೈ ಮುರಿಯಿತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳು ಗಂಡನನ್ನು ಬಹುವಚನದಲ್ಲಿ ಮಾತಾಡಿಸಿದಳು. ಅವಳ ಸಿಟ್ಟು ನೆತ್ತಿಗೇರಿದಾಗ ಬರುವ ಮರ್ಯಾದೆ ಅದು.

"ಗೌಂಡಿ ಸಾಹೇಬ್ರ, ನಲವತ್ತು ವರ್ಷ ಕಲ್ಲು ನಿಲ್ಸೀರಿ. ಒಂದಾದ್ರೂ ಕಾಲಿಡಾಕ ಬಂದೈತೇನ್ರಿ?"

ಆ ಮಾತು ದುರ್ಗಪ್ಪನಿಗೆ ನಾಟಿತು. ಬೇಸಿಗೆ ಬಂದು ಹಳ್ಳ ಬತ್ತಿದೊಡನೆ ಹಾರೆ ತಗೊಂಡು ಹೋಗಿ ಒಂಬತ್ತೂ ಕಲ್ಲು ಕಿತ್ತ. ಕಟ್ಟೆಯ ಇಟ್ಟಿಗೆಗಳಿಂದ ಹಳ್ಳದೊಳಗೆ ಕುಳ್ಳ ಕಂಬ ಎಬ್ಬಿಸಿ, ಒಂದೊಂದರ ಮೇಲೆ ಒಂದೊಂದು ಕಲ್ಲು ಕೂರಿಸಿದ. ಕೆತ್ತಿದ ಅಕ್ಷರ ಇದ್ದರೆ ಕಾಲು ಜಾರುವುದಿಲ್ಲವೆಂದು ಹೆಸರು ಮೇಲೆ ಮಾಡಿದ. ಅದು ಗೌಂಡಿಯ ಲೆಕ್ಕ. ಕ್ಷೇತ್ರದ ಲೆಕ್ಕ ಬೇರೆ. ದೇಸಾಯರ ಕಡೆಯವರು ದೇಸಾಯರ ಕಲ್ಲು ತುಳಿಯಲೊಲ್ಲದೆ ಜಿಗಿದು, ಮೇಟಗುಡ್ಡದವರ ಕಲ್ಲನ್ನು ಮಾತ್ರ ಒತ್ತಿ ತುಳಿದು ಹೋಗತೊಡಗಿದರು. ಆ ಕಡೆಯವರದೂ ಅದೇ ಆಟ. ದೇಸಾಯರ ಬಲಗೈ ಬಂಟ ಬಸಲಿಂಗಯ್ಯನವರು ಹೊಸ ಧೋತರದಲ್ಲಿ ಹಾಗೆ ಜಿಗಿದು ಕೆಸರಿನಲ್ಲಿ ಕೂತ ಮೇಲೆ ಪಂಚಾಯಿತಿ ಸೇರಿತು. ನಾಯಕರ ಹೆಸರು ಕಾಲಡಿ ಬಿದ್ದಿದೆ, ಸರಕಾರಿ ಆಸ್ತಿ ಹಾಳಾಗಿದೆ, ಎಲ್ಲ ಕಿತ್ತು ಮೊದಲಿನಂತೆ ನಿಲ್ಲಿಸಬೇಕು ಎಂದು ಎರಡೂ ಬಣದವರು ಒಂದೇ ದನಿಯಲ್ಲಿ ಹೇಳಿದರು. ಅವರು ಒಂದಾದದ್ದು ಅದೊಂದೇ ಸಲ. ದುರ್ಗಪ್ಪ ಎರಡು ದಿನದ ಗಡುವು ಬೇಡಿಕೊಂಡು, ಒಂಬತ್ತೂ ಕಲ್ಲನ್ನು ಹೆಸರು ಕೆಳಗೆ ಮಾಡಿ ಮಗುಚಿ ಕೂರಿಸಿದ. ಯಾರ ಕಲ್ಲು ಯಾವುದೆಂದು ತಿಳಿಯದೆ ಜಿಗಿತ ನಿಂತಿತು. ತಕರಾರು ಮಾಡಬೇಕಾದವರೂ ಅಷ್ಟರಲ್ಲಿ ಒಣ ಕಾಲಿನಲ್ಲಿ ದಾಟುವ ರುಚಿ ಕಂಡಿದ್ದರು.

ಆದರೆ ದುರ್ಗಪ್ಪ ಅಂತರ ಹಿಡಿದದ್ದು ತನ್ನ ಹೆಜ್ಜೆಯ ಅಳತೆಗೆ. ಮೊದಲ ಮಳೆಗೆ ಬುಟ್ಟಿ ಹೊತ್ತು ಬಂದ ಹುಲಿಗೆವ್ವ ಎರಡನೆಯ ಕಲ್ಲಿನಿಂದಲೇ ತಿರುಗಿದಳು. ಅವಳ ಹೆಜ್ಜೆಗೆ ತಕ್ಕಂತೆ ಎಲ್ಲವನ್ನೂ ಮತ್ತೆ ಕೂರಿಸಿದಾಗ ಆಚೆ ದಂಡೆಯ ಬಳಿ ಒಂದು ಕಲ್ಲಿನಷ್ಟು ಜಾಗ ಬಾಯಿ ತೆರೆದು ಉಳಿಯಿತು. ಇನ್ನೊಂದು ಕಲ್ಲು ಬೇಕು. ಗಂಡಸರು ಹಾರಿಕೊಂಡರು; ಅವಳು ಮತ್ತೆ ಏರಿಯ ದಾರಿ ಹಿಡಿದಳು.

ನಮ್ಮದು ಕರಿಮಣ್ಣಿನ ಎರೆಸೀಮೆ. ನಾಯಿಗೆ ಹೊಡೆಯಲೂ ಕಲ್ಲು ಸಿಗದು. ಸಿಕ್ಕರೆ ಅದರ ಮೇಲೆ ಶಾಸಕರ ಹೆಸರಿರುತ್ತದೆ. ಇಳಕಲ್ಲಿನಿಂದ ಕಲ್ಲು ತರಬೇಕೆಂದರೆ ಲಾರಿ ಬರಬೇಕು, ಲಾರಿ ಬರಬೇಕೆಂದರೆ ಚುನಾವಣೆ ಬರಬೇಕು. ಹೀಗಾಗಿ ಇಡೀ ಕ್ಷೇತ್ರದಲ್ಲಿ ಪ್ರಜಾಪ್ರಭುತ್ವದ ಹಬ್ಬವನ್ನು ನಿಜವಾಗಿ ಎದುರು ನೋಡಿದವನು ದುರ್ಗಪ್ಪನೊಬ್ಬನೇ. ಕಂಡ ಕಂಡವರನ್ನು ತಾರೀಖು ಕೇಳುತ್ತಿದ್ದ. ಟಿಕೆಟ್ಟಿಗೆ ಅರ್ಜಿ ಹಾಕಿರಬೇಕೆಂದು ಕೆಲವರು ನಂಬಿದರು.

ಇಪ್ಪತ್ಮೂರರ ಫೆಬ್ರುವರಿಯಲ್ಲಿ ಶಾಸಕರು ಬಂದರು. ಮೊದಲ ಕಲ್ಲಿನ ದೇಸಾಯರ ಮೊಮ್ಮಗ, ಕಪ್ಪು ಕನ್ನಡಕದ ತರುಣ. ಸೇತುವೆಗೆ ಅಡಿಗಲ್ಲು ಹಾಕುವ ಹೊಸ ವಿಚಾರ ತಮಗೆ ಹೊಳೆದಿದೆ ಎಂದರು. ಹಳೆಯ ಕಲ್ಲುಗಳೆಲ್ಲಿ ಎಂದು ಬಸಲಿಂಗಯ್ಯನವರು ಬೇಕೆಂದೇ ಕೇಳಿದರು. ದುರ್ಗಪ್ಪ ಹಳ್ಳದ ಕಡೆ ಕೈ ಮಾಡಿದ. ಇವತ್ತು ಪೊಲೀಸರ ಕೈಗೆ ಹೋಗುವವನು ಇವನೇ ಎಂದು ನಾವು ಒಂದು ಹೆಜ್ಜೆ ಹಿಂದೆ ಸರಿದೆವು.

"ಇದ್ರಾಗ ನಮ್ಮ ಅಜ್ಜಾರ ಕಲ್ಲು ಯಾವುದು?" ಎಂದರು ಶಾಸಕರು.

"ಮಗುಚಿ ಹಾಕಿದ ಮ್ಯಾಲ ಎಲ್ಲಾ ಒಂದ ನಮೂನಿ ಕಾಣ್ತಾವ್ರಿ, ಧಣಿ. ಆದ್ರ ಒಂದೂ ಅಲ್ಲಾಡಿಲ್ರಿ."

ಅಲ್ಲಾಡಿಲ್ಲ ಎಂಬ ಮಾತು ಶಾಸಕರಿಗೆ ಹಿಡಿಸಿತು. ಅಜ್ಜನವರ ಭದ್ರ ಬುನಾದಿಯ ಮೇಲೆ ಜನ ಇಂದಿಗೂ ನಡೆಯುತ್ತಿದ್ದಾರೆ ಎಂದು ಪತ್ರಿಕೆಯವರಿಗೆ ಬರೆಸಿದರು. ತಮ್ಮ ಕಲ್ಲು ಎಷ್ಟು ದೊಡ್ಡದಿರಬೇಕು ಎಂದೂ ಕೇಳಿದರು. ದುರ್ಗಪ್ಪ ಯೋಚಿಸುವವನಂತೆ ಮಾಡಿ, ಮೂರು ಅಡಿ ಉದ್ದ, ಎರಡು ಅಡಿ ಅಗಲ ಎಂದ.

"ದಪ್ಪ ಮಾತ್ರ ಅರ್ಧ ಅಡಿ ಇರ್ಲಿ ಧಣಿ. ತೆಳ್ಳಗಿನವು ಬಾಳಿಕಿ ಬರಂಗಿಲ್ಲ."

ಹೆಸರು ಬಾಳಲಿ ಎಂಬ ಈ ಬಡವನ ಕಾಳಜಿಗೆ ಶಾಸಕರ ಕಣ್ಣು ಒದ್ದೆಯಾಯಿತೆಂದು ಬಸಲಿಂಗಯ್ಯನವರು ಇಂದಿಗೂ ಹೇಳುತ್ತಾರೆ. ಕನ್ನಡಕವಿದ್ದುದರಿಂದ ನಮಗೆ ಕಾಣಲಿಲ್ಲ.

ಕಲ್ಲು ಬಂತು, ಪರದೆ ಸರಿಯಿತು, ಮೇ ತಿಂಗಳಲ್ಲಿ ಮತದಾನವಾಯಿತು, ಶಾಸಕರು ಮುನ್ನೂರ ಹನ್ನೆರಡು ಮತಗಳಿಂದ ಸೋತರು. ಫಲಿತಾಂಶದ ಮರುದಿನ ಬೆಳಿಗ್ಗೆ, ಗೆದ್ದವರ ಮೆರವಣಿಗೆಗೆಂದು ಊರೆಲ್ಲ ಅಗಸಿಬಾಗಿಲ ಬಳಿ ನೆರೆದಿದ್ದಾಗ, ದುರ್ಗಪ್ಪ ಹತ್ತನೆಯ ಕಲ್ಲನ್ನು ಆಚೆ ದಂಡೆಯ ಬಾಯಿಗೆ ಕೂರಿಸಿ, ನೀರು ತುಂಬಿದ ಬಾಟಲಿ ಅಡ್ಡ ಮಲಗಿಸಿ ಮಟ್ಟ ನೋಡಿದ.

ಜೂನಿನಲ್ಲಿ ಹಳ್ಳ ಬಂತು. ಸಂತೆಯ ದಿನ ಹುಲಿಗೆವ್ವ ಬುಟ್ಟಿ ಹೊತ್ತು ಕಲ್ಲಿಗೆ ಕಾಲಿಟ್ಟಳು. ದುರ್ಗಪ್ಪ ಈಚೆ ದಂಡೆಯಲ್ಲಿ ಅವಳ ಹೆಜ್ಜೆ ಎಣಿಸುತ್ತ ನಿಂತ. ಒಂಬತ್ತರ ಮೇಲೆ ಅವಳು ಅರೆಗಳಿಗೆ ನಿಂತಳು. ಹತ್ತನೆಯದಕ್ಕೆ ಕಾಲಿಟ್ಟು, ದಂಡೆ ಏರಿ, ತಿರುಗಿ ನೋಡಿದಳು. ಸೆರಗು ತೊಯ್ದಿರಲಿಲ್ಲ. ಮೆಂತ್ಯದ ಮೇಲೆ ಬೆಳಗಿನ ಹನಿ ಇನ್ನೂ ಆರಿರಲಿಲ್ಲ.

"ಏ, ಇಲ್ಲಿ ಕೇಳು," ಎಂದಳು ಹಳ್ಳದಾಚೆಯಿಂದ. ಏಕವಚನ ಮರಳಿ ಬಂದಿತ್ತು. "ಮುಂದಿನ ಚುನಾವಣಿಗೆ ಇನ್ನೊಂದು ಕಲ್ಲು ಹೇಳು. ಅರಿವಿ ಒಗಿಯಾಕ ಬೇಕು."