ಅಮ್ಮ ಹಕ್ಕಿ ಹಾರಿಸಿದಳು

ನಲವತ್ತೊಂದು ಸಲ ಪ್ರಾಕ್ಟೀಸ್ ಮಾಡಿದ ನಮ್ಮ ಹಾಡಿನಲ್ಲಿ ಅಮ್ಮ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕಳೆದ ಶುಕ್ರವಾರ ಮೈಸೂರಿನ ಒಂದು ಕ್ಯಾಸೆಟ್ ಕಂಪನಿಯ ಮೈಕಿನ ಮುಂದೆ ಅವಳು ಹಕ್ಕಿ ಹಾರಿಸಿಬಿಟ್ಟಳು.

ತಪ್ಪು ನನ್ನದೇ.

ನಮ್ಮದು ಮೂವರ ಬ್ಯಾಂಡ್. ಸಿಂಧಘಟ್ಟದ ಸಿದ್ದರಾಜು ಹಾಡುತ್ತಾನೆ. ಪಾಲಹಳ್ಳಿಯ ಜವರನದು ಡ್ರಮ್ಸ್ (ಎರಡು ಡ್ರಮ್ಮು, ಒಂದು ತಟ್ಟೆ; ಆದರೂ ಡ್ರಮ್ಸೇ). ಶ್ರೀರಂಗಪಟ್ಟಣದ ನಾನು ಕೀಬೋರ್ಡ್ ನುಡಿಸುತ್ತೇನೆ, ಹಾಡು ಬರೆಯುತ್ತೇನೆ, ಲೆಕ್ಕವನ್ನೂ ಬರೆಯುತ್ತೇನೆ. ಡೈರಿಯಲ್ಲಿ ಪ್ರತಿ ಪ್ರಾಕ್ಟೀಸಿಗೂ ಒಂದು ಪುಟ.

ಸಿದ್ದರಾಜು ಬಾಯಿ ತೆರೆದರೆ ಬೀದಿಯಲ್ಲಿ ಹೋಗುವವರು ನಿಲ್ಲುತ್ತಾರೆ. ಆದರೆ ನಮ್ಮ ಕಡೆಯ ಬಹಳ ಜನರಂತೆ ಅವನಿಗೂ ಪದದ ಮೊದಲಿನ 'ಹ' ಬರುವುದಿಲ್ಲ. ಹೂವು ಊವು, ಹೊಲ ಒಲ. ಕ್ಯಾಸೆಟ್ಟಿನಲ್ಲಿ ಹೀಗೆ ಬಂದರೆ ಜನ ನಗುವುದಿಲ್ಲವೇ? ಮೊದಲ ದಿನವೇ 'ಹದಿನೇಳು ಹ ಕಾಣೆ' ಎಂದು ಬರೆದುಕೊಂಡೆ. ತಿದ್ದಿದೆ. ಮತ್ತೆ ತಿದ್ದಿದೆ. ನಲವತ್ತೊಂದನೆಯ ಪುಟದಲ್ಲಿ ಸೊನ್ನೆ. ಅದರ ಕೆಳಗೆ ಎರಡು ಗೆರೆ ಎಳೆದೆ.

ಸೊನ್ನೆಯೇನೋ ನಿಜ. ಆದರೆ ಮೈಕು ಕಂಡ ಗಾಬರಿಗೆ ಸಿದ್ದರಾಜು 'ಹ' ಬೇಡದ ಕಡೆಗೂ ಹಾಕಿಬಿಟ್ಟ. "ಹಂಗಳದಲ್ಲಿ ಹಮ್ಮ ಹಕ್ಕಿ ಹಾರಿಸುವಾಗ..."

ಗಾಜಿನಾಚೆ ಕುಳಿತಿದ್ದ ಮ್ಯಾನೇಜರ್ ಹೆಡ್‌ಫೋನ್ ತೆಗೆದು, ಇದು ಯಾವ ಭಾಷೆ ಎಂದು ಕೇಳಿದರು.

ಸಿದ್ದರಾಜು ನನ್ನತ್ತ ಕೈ ತೋರಿದ. "ಇವ್ನು ತಿದ್ಬುಟ್ಟ ಸಾ. ನಂಗೆ ಬರೋ ಅಂಗೇ ಆಡ್ಲಾ?"

ಹಾಡಿದ. ಅಕ್ಕಿ ಅಕ್ಕಿಯಾಯಿತು. ಎರಡನೇ ಸಾಲಿನ ಹಕ್ಕಿಯೂ ಅಕ್ಕಿಯೇ ಆಯಿತು. ಪಕ್ಕದ ಕೋಣೆಯ ಟೈಪ್‌ರೈಟರ್ ಸದ್ದು ನಿಂತಿತು.

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. ಹಾಡು ಚೆನ್ನಾಗಿದೆ, ಟ್ಯೂನೂ ಚೆನ್ನಾಗಿದೆ, ಕ್ಯಾಸೆಟ್ ಮಾಡೋಣ ಎಂದರು. ಆದರೆ ಹಾಡುವುದು ಮಾತ್ರ ಉಚ್ಚಾರಣೆ ಶುದ್ಧವಿರುವ ತಮ್ಮ ಗಾಯಕರು.

ಮೂರು ವರ್ಷದಿಂದ ನಾವು ಕಾದದ್ದು ಇಂಥ ಒಂದು ಕ್ಯಾಸೆಟ್ಟಿಗೇ. ನಿಜ ಹೇಳುತ್ತೇನೆ, 'ಆಗಲಿ ಸಾರ್' ಎನ್ನಲು ನನ್ನ ಬಾಯಿ ತೆರೆದಿತ್ತು. ಸಿದ್ದರಾಜು ನನಗಿಂತ ಮೊದಲೇ ಒಪ್ಪಿದ. "ಆಡು ಬಂದ್ರೆ ಸಾಕು ಬುಡಿ ಸಾ. ಯಾರ್ ಆಡುದ್ರೇನು." ಹೇಳಿ ನೆಲ ನೋಡಿದ.

ಜವರ ತನ್ನ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡ. ಬೆಳಗಿನಿಂದ ಒಂದು ಮಾತೂ ಆಡದಿದ್ದವನು ಮ್ಯಾನೇಜರ್ ಮುಖ ನೋಡಿದ.

"ಊಹೂಂ."

ನನ್ನ ಬಾಯಿ ಮುಚ್ಚಿತು. ನಮಸ್ಕಾರ ಹೇಳಿ ಮೂವರೂ ಎದ್ದೆವು.

ಬಸ್ಸಿನಲ್ಲಿ ಸಿದ್ದರಾಜು ಜವರನ ಮೇಲೆ ರೇಗಿದ. "ಎಲ್ಲಾ ಕೆಡಿಸ್ಬುಟ್ಯಲ್ಲೋ ಲೇ."

"ನಿನ್ ಗಂಟ್ಲು ಬುಟ್ರೆ ನಮ್ತಾವ ಇನ್ನೇನ್ಲಾ ಅದೆ?" ಎಂದು ಜವರ ಕಿಟಕಿಯತ್ತ ತಿರುಗಿದ.

ಕಾವೇರಿ ಸೇತುವೆ ಬರುವ ಹೊತ್ತಿಗೆ ಸಿದ್ದರಾಜು ತನ್ನಷ್ಟಕ್ಕೇ ಹಾಡತೊಡಗಿದ್ದ. ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ತಿದ್ದಲಿಲ್ಲ. ಸೋತು ಬಂದವರ ಎದೆ ಹೀಗೆ ಉಬ್ಬಿರುತ್ತದೆಯೇ?

ಡೈರಿಯ ಆ ದಿನದ ಪುಟದಲ್ಲಿ ಹೀಗಿದೆ: ಆಡಿಷನ್ ಒಂದು, ಕ್ಯಾಸೆಟ್ ಸೊನ್ನೆ, ಯಾರೂ ತಿದ್ದದೆ ಸರಿಯಾಗಿ ಬಂದ 'ಹ' ಒಂದು.

ಅದು ಜವರನ 'ಊಹೂಂ'ನದು.